ಕೆಲಸ ಎಂತದು, ಸಂಬಳ ಎಷ್ಟು, ಮನೆ ಸ್ವಂತದ್ದಾ?



ಮಂಗಳೂರಿನ ನಮ್ಮ ಕೊಟ್ಟಾರಕ್ಕೆ ಹೊಸಬರು ಯಾರಾದರೂ ಬಂದು ಮನೆ ಮಾಡಿದರೆ, ಅಥವಾ ಒಬ್ಬ ಹುಡುಗನ ಜಾತಕ ಕೈಗೆ ಬಂದರೆ, ಮೂರು ಪ್ರಶ್ನೆಗಳನ್ನು ಕೇಳಿಯೇ ಕೇಳುತ್ತೇವೆ. ಕೆಲಸ ಎಂತದು? ಸಂಬಳ ಎಷ್ಟು? ಮನೆ ಸ್ವಂತದ್ದಾ, ಬಾಡಿಗೆಯದ್ದಾ? ಕೇಳುವವರ ಮನಸ್ಸಿನಲ್ಲಿ ಕೆಟ್ಟದ್ದೇನೂ ಇರುವುದಿಲ್ಲ. ಆದರೆ ಈ ಮೂರಕ್ಕೆ ಉತ್ತರ ಸಿಕ್ಕಿದ ಮೇಲೆ ನಾಲ್ಕನೆಯದನ್ನು ಯಾರೂ ಕೇಳುವುದಿಲ್ಲ. ಆ ಮನುಷ್ಯನಿಗೆ ಎಷ್ಟು ಮರ್ಯಾದೆ ಕೊಡಬೇಕು ಎಂಬುದು ಅಷ್ಟರಲ್ಲೇ ತೀರ್ಮಾನವಾಗಿರುತ್ತದೆ. ಈ ತೀರ್ಮಾನದ ಬಗ್ಗೆ ನನಗೆ ಬಹಳ ಕಾಲದಿಂದ ತಕರಾರು ಉಂಟು. ಅದನ್ನೇ ಇವತ್ತು ನಿಮ್ಮ ಮುಂದೆ ಇಡುತ್ತೇನೆ.

ಈ ಪ್ರಶ್ನೆಗಳು ಕೊಟ್ಟಾರದಲ್ಲಿ ಇಷ್ಟು ಗಟ್ಟಿಯಾಗಿ ಕೂತಿರುವುದಕ್ಕೆ ಕಾರಣವಿದೆ. ಇಲ್ಲಿ ಜಿಲ್ಲಾ ಪಂಚಾಯತ್ ಕಚೇರಿ ಇದೆ. ಸರಕಾರಿ ನೌಕರಿ ಎಂದರೆ ಏನೆಂದು ಮಕ್ಕಳು ಕಣ್ಣಾರೆ ನೋಡಿ ಬೆಳೆಯುತ್ತಾರೆ. ಮುಡಿಪುವಿನ ದೊಡ್ಡ ಕ್ಯಾಂಪಸ್ ಏಳುವ ಮೊದಲೇ ಇನ್ಫೋಸಿಸ್ ನಮ್ಮ ಕೂಳೂರು ಫೆರಿ ರಸ್ತೆಯಲ್ಲಿ ಕಚೇರಿ ಮಾಡಿತ್ತು. ಕುತ್ತಿಗೆಯಲ್ಲಿ ಗುರುತಿನ ಚೀಟಿ ನೇತುಹಾಕಿಕೊಂಡು ಆ ಗೇಟಿನೊಳಗೆ ಹೋಗುವ ಹುಡುಗ ಹುಡುಗಿಯರನ್ನು ನೋಡಿ ಒಂದು ತಲೆಮಾರಿನ ತಂದೆತಾಯಿಗಳು ತಮ್ಮ ಮಕ್ಕಳ ಹಣೆಬರಹವನ್ನು ತಾವೇ ಬರೆದರು. ಅದರ ಜತೆಗೆ ಗಲ್ಫ್. ದುಬಾಯಿ, ಕುವೈತ್, ದಮ್ಮಾಮ್ ಎಂಬ ಹೆಸರುಗಳು ನಮಗೆ ಮುಲ್ಕಿ, ಮೂಡುಬಿದಿರೆಯಷ್ಟೇ ಪರಿಚಿತ. ಈ ಮೂರು ದಾರಿಗಳಿಂದ ನಮ್ಮ ಮನೆಗಳಿಗೆ ಅನ್ನ ಬಂದಿದೆ, ಓದು ಬಂದಿದೆ. ಅದನ್ನು ಹಗುರ ಮಾಡಿ ಮಾತಾಡುವುದು ಕೃತಘ್ನತೆಯಾದೀತು. ನನ್ನ ತಕರಾರು ದಾರಿಗಳ ಮೇಲಲ್ಲ. ಬೇರೆ ದಾರಿ ಹಿಡಿದವರನ್ನು ನಾವು ಮಾತಾಡಿಸುವ ರೀತಿಯ ಮೇಲೆ.

ನಮ್ಮ ಬೀದಿಯಲ್ಲಿ ಒಬ್ಬ ಹುಡುಗನಿದ್ದಾನೆ. ಬೆಂಗಳೂರಿನಲ್ಲಿ ಒಳ್ಳೆಯ ಕೆಲಸದಲ್ಲಿದ್ದ. ತಂದೆಗೆ ಪಾರ್ಶ್ವವಾಯು ಬಡಿದಾಗ ಬಿಟ್ಟು ಬಂದ. ಈಗ ಬೆಳಿಗ್ಗೆ ತಂದೆಯನ್ನು ಎಬ್ಬಿಸಿ ಮುಖ ತೊಳೆಸಿ, ಗಂಜಿ ಉಣಿಸಿ, ಎಡಗೈಯ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ವ್ಯಾಯಾಮ ಮಾಡಿಸುತ್ತಾನೆ. ಮಧ್ಯಾಹ್ನದ ಮೇಲೆ ಅಂಗಡಿಗಳ ಲೆಕ್ಕ ಬರೆದು ಮನೆ ಖರ್ಚಿಗಾಗುವಷ್ಟು ದುಡಿಯುತ್ತಾನೆ. ಒಂದು ಮದುವೆ ಮನೆಯಲ್ಲಿ ಅವನ ತಾಯಿಯನ್ನು ಒಬ್ಬರು ಕೇಳಿದರು: “ಮಗ ಈಗ ಎಂತ ಮಾಡ್ತಾನೆ ಅಕ್ಕ?”

“ಮನೆಯಲ್ಲೇ ಇದ್ದಾನೆ.”

“ಓ, ಹೌದಾ.”

ಅಷ್ಟೇ. ಆ ‘ಹೌದಾ’ ಎಂಬುದರಲ್ಲಿ ಎಷ್ಟು ಕನಿಕರ ಇತ್ತೆಂದರೆ, ತಾಯಿ ತಲೆ ತಗ್ಗಿಸಿ ಊಟ ಮಾಡಿದರು. ಅವನು ಮಾಡುತ್ತಿರುವುದನ್ನೇ ಒಬ್ಬ ಹೋಂ ನರ್ಸ್ ಬಂದು ಮಾಡಿದ್ದರೆ ಅದಕ್ಕೆ ಕೆಲಸ ಎಂಬ ಹೆಸರಿರುತ್ತಿತ್ತು, ತಿಂಗಳಿಗೆ ಸಂಬಳ ಇರುತ್ತಿತ್ತು. ಮಗ ಮಾಡಿದರೆ “ಕೆಲಸ ಬಿಟ್ಟು ಕೂತಿದ್ದಾನೆ” ಎನ್ನುತ್ತೇವೆ. ಕೂರಲು ಅವನಿಗೆ ಪುರುಸೊತ್ತು ಸಿಗುವುದು ರಾತ್ರಿ ಹತ್ತರ ಮೇಲೆ.

ಈ ಹುಡುಗನ ವಿಷಯವಾದರೂ ನಾಲ್ಕು ಜನರ ಬಾಯಲ್ಲಿ ಬಂತು. ಬಾಯಲ್ಲೇ ಬಾರದೆ ಹೋದ ದೊಡ್ಡ ಲೆಕ್ಕವೊಂದು ಈ ಜಿಲ್ಲೆಯಲ್ಲಿದೆ. ಅದು ಬೀಡಿಯ ಲೆಕ್ಕ.

ದಕ್ಷಿಣ ಕನ್ನಡದಲ್ಲಿ ಐವತ್ತು ದಾಟಿದವರು ಯಾರೇ ಇರಲಿ, ಜಗಲಿಯಲ್ಲಿ ಕಾಲು ನೀಡಿ, ಮಡಿಲಲ್ಲಿ ತಡ್ಪೆ ಎಂಬ ಮೊರ ಇಟ್ಟುಕೊಂಡು ಬೀಡಿ ಕಟ್ಟುವ ಹೆಂಗಸರನ್ನು ಕಂಡೇ ಕಂಡಿರುತ್ತಾರೆ. ಕಂಡಿದ್ದರೂ ಆ ಕೆಲಸವನ್ನು ನಾವು ಸರಿಯಾಗಿ ನೋಡಿದ್ದು ಕಡಿಮೆ. ರಾತ್ರಿ ಎಲೆ ನೆನೆಸಿ ಒದ್ದೆ ಬಟ್ಟೆಯಲ್ಲಿ ಸುತ್ತಿಡಬೇಕು. ಬೆಳಿಗ್ಗೆ ತಗಡಿನ ಅಚ್ಚು ಇಟ್ಟು ಒಂದೊಂದು ಎಲೆಯನ್ನೂ ಕತ್ತರಿಯಿಂದ ಅಳತೆಗೆ ಕತ್ತರಿಸಬೇಕು; ನರ ಅಡ್ಡ ಬಂದರೆ ಎಲೆ ಹಾಳು. ಹೊಗೆಸೊಪ್ಪಿನ ಪುಡಿಯನ್ನು ಹೆಚ್ಚೂ ಅಲ್ಲದೆ ಕಡಿಮೆಯೂ ಆಗದೆ ಹರಡಿ, ಹೆಬ್ಬೆರಳು ತೋರುಬೆರಳುಗಳ ನಡುವೆ ಸುರುಳಿ ಸುತ್ತಿ, ಬಾಯಿಯನ್ನು ಒಳಕ್ಕೆ ಮಡಚಿ, ನೂಲು ಕಟ್ಟಬೇಕು. ಇಪ್ಪತ್ತೈದು ಬೀಡಿಗೆ ಒಂದು ಕಟ್ಟು, ನಲವತ್ತು ಕಟ್ಟಾದರೆ ಸಾವಿರ. ಕೂಲಿ ಸಾವಿರದ ಲೆಕ್ಕದಲ್ಲಿ. ಕಟ್ಟಿದ್ದನ್ನು ಚೀಲಕ್ಕೆ ತುಂಬಿ ಬೀಡಿ ಕಂಪೆನಿಯ ಬ್ರಾಂಚಿಗೆ ಒಯ್ದರೆ ಅಲ್ಲಿ ನೋಡುವವರು ಕೆಲವನ್ನು ಸರಿಯಿಲ್ಲವೆಂದು ಬದಿಗೆ ಹಾಕುತ್ತಾರೆ. ಬದಿಗೆ ಬಿದ್ದದ್ದಕ್ಕೆ ಕೂಲಿಯಿಲ್ಲ. ಈ ಎಲ್ಲದರ ನಡುವೆ ಒಲೆಯ ಮೇಲೆ ಅನ್ನ ಬೇಯುತ್ತಿರುತ್ತದೆ, ಮಗು ಅಳುತ್ತಿರುತ್ತದೆ, ಮಳೆ ಬಂದರೆ ಅಂಗಳದ ಬಟ್ಟೆ ಒಳಗೆ ತರಬೇಕಾಗುತ್ತದೆ.

ಬೀಡಿಯ ಧೂಳು ಎದೆಗೆ ಹೋಗುತ್ತದೆ, ಸೊಂಟ ಹೋಗುತ್ತದೆ, ಮಾಡಿದ ವಸ್ತು ಸೇದಿದವರ ಆಯುಷ್ಯ ತಿನ್ನುತ್ತದೆ. ಹಾಗಾಗಿ ಈ ಉದ್ಯಮ ಇಳಿಯುತ್ತಿದೆ ಎಂಬುದಕ್ಕೆ ನಾನು ಕಣ್ಣೀರು ಹಾಕುವುದಿಲ್ಲ. ಆದರೆ ಈ ಜಿಲ್ಲೆಯ ಎಷ್ಟೋ ಇಂಜಿನಿಯರುಗಳು, ನರ್ಸುಗಳು, ಮಾಸ್ತರರು, ದುಬಾಯಿಗೆ ವಿಮಾನ ಹತ್ತಿದವರು ಆ ತಡ್ಪೆಯಿಂದಲೇ ಎದ್ದು ಬಂದವರು. ಮಗನ ಫೀಸು, ಮಗಳ ಬಳೆ, ಮನೆಗೆ ಹಂಚು ಹೊದಿಸಿದ್ದು, ಬಾವಿ ತೋಡಿಸಿದ್ದು, ಎಲ್ಲದರಲ್ಲಿ ಸಾವಿರದ ಲೆಕ್ಕವಿದೆ.

ಕಾನೂನು ಇದನ್ನು ಕೆಲಸವೆಂದು ಎಂದೋ ಒಪ್ಪಿತು. 1966ರಲ್ಲಿ ಬೀಡಿ ಮತ್ತು ಸಿಗಾರ್ ಕಾರ್ಮಿಕರ ಕಾಯ್ದೆ ಬಂತು. ಮನೆಯಲ್ಲಿ ಕೂತು ಕಟ್ಟುವವಳೂ ಕಾರ್ಮಿಕೆಯೇ ಎಂದು ಅದು ಹೇಳಿತು. ಕಂಪೆನಿಗಳು ಒಪ್ಪಲಿಲ್ಲ, ನ್ಯಾಯಾಲಯಕ್ಕೆ ಹೋದವು. 1974ರಲ್ಲಿ ಸುಪ್ರೀಂ ಕೋರ್ಟ್ ಆ ಕಾಯ್ದೆಯನ್ನು ಎತ್ತಿಹಿಡಿಯಿತು. ಆ ತೀರ್ಪು ಇವತ್ತಿಗೂ ಕಾನೂನಿನ ಪುಸ್ತಕಗಳಲ್ಲಿ ಮಂಗಳೂರಿನ ಒಂದು ಬೀಡಿ ಸಂಸ್ಥೆಯ ಹೆಸರಿನಲ್ಲೇ ಇದೆ. ಎಂದರೆ ನಮ್ಮ ಜಗಲಿಯ ಪ್ರಶ್ನೆ ದೆಹಲಿಯ ತನಕ ಹೋಗಿ ಇತ್ಯರ್ಥವಾಗಿ ಬಂತು. ನಮ್ಮ ಮನೆಗಳಲ್ಲಿ ಮಾತ್ರ ಇನ್ನೂ ಇತ್ಯರ್ಥವಾಗಲಿಲ್ಲ. ಶಾಲೆಯ ಅರ್ಜಿಯಲ್ಲಿ ತಾಯಿಯ ಉದ್ಯೋಗ ಎಂಬಲ್ಲಿ ಒಂದು ಗೆರೆ. ಸಂಬಂಧ ನೋಡಲು ಬಂದವರು ಕೇಳಿದರೆ, “ತಾಯಿಗೆ ಕೆಲಸ ಎಂತ ಇಲ್ಲ, ಮನೆಯಲ್ಲಿ ಸುಮ್ಮನೆ ಬೀಡಿ ಕಟ್ಟುತ್ತಿದ್ದರು.” ಸುಮ್ಮನೆ! ಹೀಗೆ ಹೇಳುವ ಮಗನ ಸರ್ಟಿಫಿಕೇಟಿನ ಕಾಗದಕ್ಕೂ ಆ ಬೀಡಿಯ ದುಡ್ಡೇ ಬಿದ್ದಿರುತ್ತದೆ.

ಇನ್ನು ಮನೆಯ ಪ್ರಶ್ನೆ. ಮದುವೆಯಾಗಬೇಕಾದರೆ ಸ್ವಂತ ಮನೆ ಇರಬೇಕು, ಅದೂ ಮೂವತ್ತೈದರೊಳಗೆ ಎಂದು ನಾವು ಮಕ್ಕಳ ತಲೆಯಲ್ಲಿ ತುಂಬಿದ್ದೇವೆ. ಒಬ್ಬ ಹುಡುಗ ಕೊಟ್ಟಾರದಲ್ಲೋ ದೇರೆಬೈಲಿನಲ್ಲೋ ಫ್ಲ್ಯಾಟ್ ಕೊಳ್ಳಲು 50 ಲಕ್ಷ ಸಾಲ ಮಾಡುತ್ತಾನೆಂದು ಇಟ್ಟುಕೊಳ್ಳಿ. ನೂರಕ್ಕೆ ಎಂಟೂವರೆ ಬಡ್ಡಿ, ಇಪ್ಪತ್ತು ವರ್ಷದ ಅವಧಿ. ತಿಂಗಳ ಕಂತು ಸುಮಾರು 43,400 ರೂಪಾಯಿ. ಅಂಥ ಕಂತು 240. ಕೊನೆಯ ಕಂತು ಕಟ್ಟುವಾಗ ಅವನು ಬ್ಯಾಂಕಿಗೆ ಕೊಟ್ಟದ್ದು ಸುಮಾರು 1 ಕೋಟಿ 4 ಲಕ್ಷ. ತಂದದ್ದಕ್ಕಿಂತ ಹೆಚ್ಚು ಬಡ್ಡಿಗೇ ಹೋಯಿತು. ಇದು ಯಾರಾದರೂ ಮಾಡಬಹುದಾದ ಲೆಕ್ಕ. ಆದರೆ ಆ ಇಪ್ಪತ್ತು ವರ್ಷಗಳಲ್ಲಿ ಅವನು ಮೇಲಧಿಕಾರಿಗೆ ಒಂದು ಸಲವೂ ‘ಆಗುವುದಿಲ್ಲ’ ಎನ್ನಲಾರ. ಸರಿಯಲ್ಲದ್ದನ್ನು ಮಾಡು ಎಂದರೆ ಮಾಡುತ್ತಾನೆ. ತಂದೆ ಹಾಸಿಗೆ ಹಿಡಿದರೆ ಕೆಲಸ ಬಿಟ್ಟು ಬರಲಾರ. ಮಗಳು ಹಾಡು ಕಲಿಯುವುದನ್ನು ಕೇಳಲು ಸಂಜೆ ಮನೆಯಲ್ಲಿರಲಾರ. ಮನೆ ಅವನದ್ದಾಯಿತು, ಸಂಜೆ ಅವನದ್ದಾಗಲಿಲ್ಲ. ಬಾಡಿಗೆ ಮನೆಯಲ್ಲಿದ್ದು ಸಂಜೆಯನ್ನು ಉಳಿಸಿಕೊಂಡವನಿಗೆ “ಇನ್ನೂ ಸೆಟ್ಲ್ ಆಗಲಿಲ್ಲ” ಎಂದು ನಾವು ಹೇಳುತ್ತೇವೆ. ಇಬ್ಬರಲ್ಲಿ ನೆಲೆ ಕಂಡುಕೊಂಡವರು ಯಾರು ಎಂದು ನಾನು ನಿಮ್ಮನ್ನು ಕೇಳುತ್ತೇನೆ.

ಹೀಗೆ ಒಬ್ಬೊಬ್ಬರಿಗೆ ಒಂದೊಂದು ಸ್ವಂತ ಮನೆ ಎಂಬ ನಿಯಮ ತುಳುನಾಡಿಗೆ ಹಳೆಯದೂ ಅಲ್ಲ. ಅಳಿಯಸಂತಾನದ ಮನೆತನಗಳಲ್ಲಿ ಆಸ್ತಿ ಕುಟುಂಬದ್ದು, ತಾಯಿಯ ಬಳಿಯಲ್ಲಿ ಸಾಗಿ ಬರುವಂಥದ್ದು. ನನ್ನ ಪಾಲು ಕೊಡಿ ಎಂದು ಒಬ್ಬರು ಎದ್ದು ಕೇಳುವಂತಿರಲಿಲ್ಲ. 1949ರ ಅಳಿಯಸಂತಾನ ಕಾಯ್ದೆ ಬಂದ ಮೇಲಷ್ಟೇ ಕವರುಗಳಿಗೆ, ಎಂದರೆ ಕುಟುಂಬದ ಕವಲುಗಳಿಗೆ, ಪಾಲು ಕೇಳುವ ಹಕ್ಕು ಸಿಕ್ಕಿತು. ಆ ಹಳೆಯ ಏರ್ಪಾಡಿನಲ್ಲಿ ಯಜಮಾನನ ದರ್ಬಾರು ಎಷ್ಟಿತ್ತು, ಹಂಗಿನ ಅನ್ನ ಎಷ್ಟು ಕಹಿ ಎಂಬುದನ್ನು ಉಂಡವರೇ ಹೇಳಿದ್ದಾರೆ. ಅದು ತಿರುಗಿ ಬರಲಿ ಎಂದು ನಾನು ಹೇಳುವುದಿಲ್ಲ. ಒಡೆತನ ಇಲ್ಲದೆ ಬಾಳಿದವರ ಕಷ್ಟವೂ ಈ ಮಣ್ಣಿಗೆ ಗೊತ್ತು. 1974ರ ಮಾರ್ಚ್ 1ರಿಂದ ಭೂಸುಧಾರಣೆಯ ತಿದ್ದುಪಡಿ ಜಾರಿಗೆ ಬಂದು, ಗೇಣಿ ಒಕ್ಕಲುಗಳು ಭೂನ್ಯಾಯ ಮಂಡಳಿಗೆ ಡಿಕ್ಲರೇಶನ್ ಕೊಟ್ಟು, ಉತ್ತ ಗದ್ದೆ ತಮ್ಮದೇ ಎಂಬ ಕಾಗದ ಕೈಗೆ ಬಂದಾಗ, ಎಷ್ಟೋ ಮನೆಗಳಲ್ಲಿ ಮೊದಲ ಬಾರಿಗೆ ಬೆನ್ನು ನೆಟ್ಟಗಾಯಿತು. ಧಣಿಯ ಚಾವಡಿಯ ಕೆಳಗೆ ನಿಲ್ಲುವುದು ತಪ್ಪಿತು. ಅಂಥ ಒಡೆತನಕ್ಕೆ ನನ್ನ ಪೂರ್ಣ ನಮಸ್ಕಾರ. ಮನುಷ್ಯನನ್ನು ತಲೆಯೆತ್ತಿ ನಿಲ್ಲಿಸುವ ಆಸ್ತಿ ಬೇಕು. ನಾನು ಕೇಳುವುದು ಮೂರನೆಯ ಫ್ಲ್ಯಾಟಿನ ಬಗ್ಗೆ. ಕೊಂಡವರು ಪರದೇಶದಲ್ಲಿದ್ದು, ಸಂಜೆಯಾದರೆ ದೀಪ ಹೊತ್ತದ ಮಹಡಿಗಳ ಬಗ್ಗೆ.

ಒಡೆತನ ಬರೀ ಒಡೆಯನ ವಿಷಯವಲ್ಲ ಎಂದು ಕೊಟ್ಟಾರದವರಿಗೆ ಮಳೆ ಕಲಿಸಿದೆ. 2018ರ ಮೇ 29ರಂದು ಮಂಗಳೂರಿನಲ್ಲಿ ಸುರಿದ ಮಳೆಗೆ ಕೊಟ್ಟಾರಚೌಕಿ ಕೆರೆಯಾಯಿತು. ನಿಲ್ಲಿಸಿದ ಕಾರುಗಳು ಮುಳುಗಿದವು, ಅಂಗಡಿಗಳಿಗೆ, ನೆಲಮಹಡಿಯ ಮನೆಗಳಿಗೆ ನೀರು ನುಗ್ಗಿತು. ಮಳೆ ಜೋರಾಗಿತ್ತು, ನಿಜ. ಆದರೆ ಆ ನೀರು ನಿಲ್ಲಲು ಇದ್ದ ತಗ್ಗಿನ ಗದ್ದೆಗಳಿಗೆ ಮಣ್ಣು ತುಂಬಿಸಿ ನಾವು ಕಟ್ಟಡ ಎಬ್ಬಿಸಿದ್ದೆವು; ಹರಿದುಹೋಗಲು ಇದ್ದ ರಾಜಕಾಲುವೆ ಎರಡೂ ಬದಿಯ ಗೋಡೆಗಳ ನಡುವೆ ಸೊರಗಿತ್ತು. ನನ್ನ ಜಾಗ, ನಾನು ನಾಲ್ಕು ಅಡಿ ಎತ್ತರಿಸುತ್ತೇನೆ ಎಂದು ಒಬ್ಬರು ಮಣ್ಣು ಹಾಕಿದರೆ ನೀರು ಪಕ್ಕದವರ ಅಡುಗೆಕೋಣೆಗೆ ಹೋಗುತ್ತದೆ. ಪಕ್ಕದವರು ಎತ್ತರಿಸಿದರೆ ಅವರ ಪಕ್ಕದವರಿಗೆ. ಕೊನೆಗೆ ಎತ್ತರಿಸಲು ದುಡ್ಡಿಲ್ಲದವರ ಮನೆಯಲ್ಲಿ ನೀರು ನಿಲ್ಲುತ್ತದೆ. ಸ್ವಂತ ಮನೆ ಉಂಟಾ ಎಂದು ಕೇಳುವ ನಾವು, ಆ ಮನೆಯ ನೀರು ಎಲ್ಲಿಗೆ ಹೋಗುತ್ತದೆ ಎಂದು ಯಾರನ್ನೂ ಕೇಳಿದ್ದಿಲ್ಲ.

ದುಡ್ಡಿನ ವಿಷಯದಲ್ಲಿ ನಮಗೆ ಬುದ್ಧಿ ಹೇಳಲು ಹೊರಗಿನವರು ಯಾರೂ ಬೇಕಿಲ್ಲ. ಅವಿಭಜಿತ ದಕ್ಷಿಣ ಕನ್ನಡ ಬ್ಯಾಂಕುಗಳ ತವರು. ಕೆನರಾ ಬ್ಯಾಂಕಿನ ಮೂಲವಾದ ನಿಧಿಯನ್ನು 1906ರಲ್ಲಿ ಸ್ಥಾಪಿಸಿದ ಅಮ್ಮೆಂಬಳ ಸುಬ್ಬರಾವ್ ಪೈಯವರು ವಕೀಲರು. ಅವರು ಬ್ಯಾಂಕು ಕಟ್ಟುವ ಮೊದಲು ಶಾಲೆ ಕಟ್ಟಿದವರು: 1891ರಲ್ಲಿ ಕೆನರಾ ಹೈಸ್ಕೂಲು, 1894ರಲ್ಲಿ ಹೆಣ್ಣುಮಕ್ಕಳ ಶಾಲೆ. ಯಾವುದು ಮೊದಲು, ಯಾವುದು ಆಮೇಲೆ ಎಂಬುದರಲ್ಲಿ ಅವರಿಗೆ ಗೊಂದಲವಿರಲಿಲ್ಲ. ಉಡುಪಿಯಲ್ಲಿ 1925ರಲ್ಲಿ ಹುಟ್ಟಿ ಮುಂದೆ ಸಿಂಡಿಕೇಟ್ ಬ್ಯಾಂಕ್ ಎನಿಸಿದ ಸಂಸ್ಥೆಯ ಆರಂಭದ ಉದ್ದೇಶ ಕಷ್ಟಕ್ಕೆ ಬಿದ್ದ ಕೈಮಗ್ಗದ ನೇಕಾರರಿಗೆ ಆಸರೆಯಾಗುವುದು. 1928ರಲ್ಲಿ ಅದು ಪಿಗ್ಮಿ ಎಂಬ ಉಳಿತಾಯ ಯೋಜನೆ ಶುರು ಮಾಡಿತು. ದಿನಕ್ಕೆ ಎರಡಾಣೆ ಇದ್ದರೂ ಸಾಕು, ಏಜೆಂಟರು ಮನೆಬಾಗಿಲಿಗೆ ಬಂದು ಒಯ್ಯುತ್ತಿದ್ದರು. ಮೀನು ಮಾರುವವಳು, ಬೀಡಿ ಕಟ್ಟುವವಳು, ಗೂಡಂಗಡಿಯವನು, ಎಲ್ಲರ ಪುಡಿಗಾಸಿಗೂ ಪುಸ್ತಕದಲ್ಲಿ ಒಂದು ಸಾಲು ಸಿಕ್ಕಿತು. ಹಣ ಅಂದರೆ ಮಳೆಗಾಲಕ್ಕೆ, ಕಾಯಿಲೆಗೆ, ಮಗುವಿನ ಓದಿಗೆ ಎಂದು ತಿಳಿದವರು ಮಾಡಿದ ಏರ್ಪಾಡು ಅದು. ಎದುರಿನ ಮನೆಯವರಿಗಿಂತ ದೊಡ್ಡ ಕಾರು ಕೊಳ್ಳಲು ಅಲ್ಲ.

ಇನ್ನು ನಾವು ಯಾರ ಹೆಸರನ್ನು ರಸ್ತೆಗಳಿಗೆ ಇಟ್ಟಿದ್ದೇವೆ ಎಂದು ಸ್ವಲ್ಪ ನೋಡೋಣ. ಹಂಪನಕಟ್ಟೆಯಿಂದ ಹೊರಡುವ ಕೆ. ಎಸ್. ರಾವ್ ರಸ್ತೆಯಲ್ಲಿ ಬಟ್ಟೆ ಕೊಳ್ಳಲು, ಚಿನ್ನ ಕೊಳ್ಳಲು ನಾವೆಲ್ಲ ಓಡಾಡಿದ್ದೇವೆ. ಆ ಕೆ. ಎಸ್. ರಾವ್ ಎಂದರೆ ಕಾರ್ನಾಡ್ ಸದಾಶಿವ ರಾವ್. 1881ರಲ್ಲಿ ಹುಟ್ಟಿದವರು. ತಂದೆ ಹೆಸರಾಂತ ವಕೀಲರು, ಮನೆಯಲ್ಲಿ ಸಿರಿ. ಮಗನೂ ಕಾನೂನು ಓದಿ ವಕೀಲರಾದರು. ಇವತ್ತಿನ ಮೂರು ಪ್ರಶ್ನೆಗಳಿಗೂ ಅವರಲ್ಲಿ ಒಳ್ಳೆಯ ಉತ್ತರವಿತ್ತು. 1911ರಲ್ಲಿ ಪತ್ನಿ ಶಾಂತಾಬಾಯಿಯವರ ಜತೆಗೂಡಿ ಹೆಂಗಸರಿಗಾಗಿ, ಅದರಲ್ಲೂ ಎಳೆಯ ವಿಧವೆಯರಿಗಾಗಿ ಮಹಿಳಾ ಸಭಾ ಕಟ್ಟಿದರು. 1919ರಲ್ಲಿ ಗಾಂಧೀಜಿ ಸತ್ಯಾಗ್ರಹದ ಪ್ರತಿಜ್ಞೆಗೆ ಸಹಿ ಕೇಳಿದಾಗ ಕರ್ನಾಟಕದಲ್ಲಿ ಮೊದಲು ಸಹಿ ಹಾಕಿದವರಲ್ಲಿ ಅವರು ಮುಂಚೂಣಿಯವರು. ಅಲ್ಲಿಂದ ಮುಂದೆ ಚಳವಳಿಗೆ, ಶಾಲೆಗೆ, ಬಡವರಿಗೆ ಎಂದು ಇದ್ದದ್ದನ್ನೆಲ್ಲ ಕೊಡುತ್ತ ಹೋದರು. ಫೈಜ್‌ಪುರದ ಕಾಂಗ್ರೆಸ್ ಅಧಿವೇಶನಕ್ಕೆ ಹೋದಾಗ ಜ್ವರ ಹಿಡಿಯಿತು. 1937ರ ಜನವರಿ 9ರಂದು ಮುಂಬಯಿಯಲ್ಲಿ ತೀರಿಕೊಂಡರು. ಆಗ ಅವರಲ್ಲಿ ಆಸ್ತಿ ಎನ್ನುವಂಥದ್ದು ಉಳಿದಿರಲಿಲ್ಲ. ಬೆಂಗಳೂರಿನ ಅತಿ ಬೆಲೆಬಾಳುವ ಬಡಾವಣೆಗಳಲ್ಲೊಂದಾದ ಸದಾಶಿವನಗರಕ್ಕೆ ಇರುವುದು ಈ ಬರಿಗೈಯ ಮನುಷ್ಯನ ಹೆಸರು. ಅವರು ಇವತ್ತು ನಮ್ಮ ಮನೆಗೆ ಸಂಬಂಧ ಕೇಳಿ ಬಂದರೆ, ಕೆಲಸ ಬಿಟ್ಟವರು, ಸಂಬಳ ಇಲ್ಲದವರು, ಮನೆ ಮಾರಿದವರು ಎಂದು ಕಾಫಿ ಕೊಟ್ಟು ಕಳಿಸುತ್ತಿದ್ದೆವು. ಇದನ್ನು ಹೇಳುವಾಗ ನನಗೆ ನೋವಾಗುತ್ತದೆ.

ಸದಾಶಿವ ರಾಯರದ್ದು ಗಾಂಧಿ ಕಾಲ, ಈಗ ಹಾಗೆಲ್ಲ ಆಗುವುದಿಲ್ಲ ಎನ್ನುವವರಿಗೆ ಉತ್ತರವೂ ನಮ್ಮಲ್ಲೇ ಉಂಟು. ಹರೇಕಳ ಹಾಜಬ್ಬನವರು ಮಂಗಳೂರಿನ ಬೀದಿಯಲ್ಲಿ ಬುಟ್ಟಿಯಲ್ಲಿ ಕಿತ್ತಳೆ ಇಟ್ಟು ಮಾರಿದವರು. ಶಾಲೆಯ ಮೆಟ್ಟಿಲು ಹತ್ತಲು ಅವರಿಗೆ ಆಗಿರಲಿಲ್ಲ. ವಿದೇಶಿ ದಂಪತಿ ಇಂಗ್ಲಿಷಿನಲ್ಲಿ ಹಣ್ಣಿನ ಬೆಲೆ ಕೇಳಿದಾಗ ಉತ್ತರಿಸಲಾಗದ ಸಂಕಟವನ್ನು ಅವರು ತಮ್ಮ ಊರಿನ ಮಕ್ಕಳಿಗೆ ಬಾರದಂತೆ ಮಾಡಲು ಹೊರಟರು. ಆ ಊರಾದ ನ್ಯೂಪಡ್ಪುವಿನಲ್ಲಿ ಶಾಲೆಯಿರಲಿಲ್ಲ. ಕಿತ್ತಳೆಯ ಸಂಪಾದನೆಯಲ್ಲಿ ಉಳಿಸಿದ್ದನ್ನು ಹಾಕಿ, ಕಚೇರಿಯಿಂದ ಕಚೇರಿಗೆ ಅಲೆದು, 2000ದಲ್ಲಿ 28 ಮಕ್ಕಳೊಂದಿಗೆ ಮಸೀದಿಯ ಆಶ್ರಯದಲ್ಲಿ ಶಾಲೆ ಶುರುವಾಗುವಂತೆ ಮಾಡಿದರು. ಆಮೇಲೆ ಜಾಗ, ಕಟ್ಟಡ, ಹೈಸ್ಕೂಲು. ಬಂದ ಪ್ರಶಸ್ತಿಗಳ ದುಡ್ಡೂ ಶಾಲೆಗೇ ಹೋಯಿತು. 2020ರ ಜನವರಿಯಲ್ಲಿ ಪದ್ಮಶ್ರೀಯ ಸುದ್ದಿ ಫೋನಿನಲ್ಲಿ ಬಂದಾಗ ಅವರು ರೇಶನ್ ಅಂಗಡಿಯ ಸಾಲಿನಲ್ಲಿ ನಿಂತಿದ್ದರು. 2021ರ ನವೆಂಬರಿನಲ್ಲಿ ರಾಷ್ಟ್ರಪತಿ ಭವನದಲ್ಲಿ ಬಿಳಿ ಪಂಚೆ ಉಟ್ಟು ಬರಿಗಾಲಿನಲ್ಲಿ ನಡೆದು ಹೋಗಿ ಆ ಗೌರವ ಸ್ವೀಕರಿಸಿದರು. ಆ ಶಾಲೆ ಇವತ್ತು ನಡೆಯುವುದು ಕೊಟ್ಟಾರದಲ್ಲಿ ಕಚೇರಿಯಿರುವ ಅದೇ ಜಿಲ್ಲಾ ಪಂಚಾಯತಿನ ಹೆಸರಿನಲ್ಲಿ. ದಿನಗೂಲಿಯಷ್ಟು ಸಂಪಾದನೆ ಇದ್ದವರೊಬ್ಬರು ತಮಗೆ ಎಷ್ಟು ಬೇಕು ಎಂಬುದನ್ನು ಮೊದಲು ತೀರ್ಮಾನಿಸಿದರು. ಅದಕ್ಕಿಂತ ಹೆಚ್ಚಿನದ್ದು ತಮ್ಮದಲ್ಲ ಎಂದು ಬದುಕಿದರು. ನಮ್ಮಲ್ಲಿ ಹೆಚ್ಚಿನವರು ಆ ಮೊದಲ ತೀರ್ಮಾನವನ್ನೇ ಮಾಡುವುದಿಲ್ಲ. ಎಷ್ಟು ಬೇಕು ಎಂದು ಗೊತ್ತಿಲ್ಲದವರಿಗೆ ಎಷ್ಟು ಬಂದರೂ ಕಡಿಮೆಯೇ.

ಎಲ್ಲರೂ ಸದಾಶಿವ ರಾಯರಾಗಿ, ಎಲ್ಲರೂ ಹಾಜಬ್ಬರಾಗಿ ಎಂದು ನಾನು ಕೇಳುತ್ತಿಲ್ಲ. ಬಡತನ ಒಂದು ಗುಣವಲ್ಲ. ಔಷಧಿಗೆ ದುಡ್ಡಿಲ್ಲದ ಮನೆಗೆ ಹೋಗಿ ಹಣ ಮುಖ್ಯವಲ್ಲ ಎಂದು ಹೇಳುವುದು ಕ್ರೌರ್ಯ. ನಾನು ಕೇಳುವುದು ಚಿಕ್ಕದು, ಇವತ್ತೇ ಮಾಡಬಹುದಾದದ್ದು. ಕೇಳುತ್ತಿರುವ ತಂದೆತಾಯಿಗಳೇ, ಮಗ ಕಡಿಮೆ ಸಂಬಳದ, ಆದರೆ ಅವನಿಗೆ ಮನಸ್ಸಿರುವ ಕೆಲಸಕ್ಕೆ ಹೋಗುತ್ತೇನೆಂದರೆ, ಊರವರು ಏನೆಂದಾರು ಎಂಬ ಮಾತನ್ನು ಬದಿಗಿಟ್ಟು ಅವನೊಂದಿಗೆ ಕೂತು ತಿಂಗಳ ಖರ್ಚಿನ ಲೆಕ್ಕ ಬರೆಯಿರಿ. ಲೆಕ್ಕ ಸರಿಹೋದರೆ ಹೋಗಲು ಬಿಡಿ. ಮಗಳಿಗೆ ಗಂಡು ನೋಡುವಾಗ ಮೂರು ಪ್ರಶ್ನೆ ಕೇಳಿ, ಬೇಡವೆನ್ನುವುದಿಲ್ಲ. ಅವನು ತಂದೆತಾಯಿಗೆ ಕಾಯಿಲೆಯಾದಾಗ ಏನು ಮಾಡಿದ ಎಂಬುದನ್ನೂ ಕೇಳಿ. ಮತ್ತು ಯುವಕರಲ್ಲಿ ನನ್ನ ಒಂದು ವಿನಂತಿ. ಮುಂದಿನ ಸಲ ಯಾವುದೇ ಅರ್ಜಿಯಲ್ಲಿ, ಜಾತಕದ ಪಟ್ಟಿಯಲ್ಲಿ, ತಾಯಿಯ ಉದ್ಯೋಗ ಎಂಬ ಜಾಗ ಬಂದಾಗ ಗೆರೆ ಎಳೆಯಬೇಡಿ. ಬೀಡಿ ಕಾರ್ಮಿಕೆ ಎಂದು ಪೂರ್ತಿಯಾಗಿ, ಓದಲು ಬರುವಂತೆ ಬರೆಯಿರಿ.